ಚಂಪಾಬಾಯಿ ಇಳಿದರೆ ಚಾಲೂ ಆಗುವ ಕಾರು

ಎರಡು ಸಾವಿರನೇ ಇಸವಿ ಬಂದ ಗಳಿಗೆಗೆ ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಅಂತ ಪೇಪರಿನವರು ಮೂರು ತಿಂಗಳು ಹೆದರಿಸಿದ್ದರು. ನಮ್ಮ ಬೆಳಗಾವಿಯಲ್ಲಿ ನಿಂತದ್ದು ಆದಿನಾಥನ ಡೀಸೆಲ್ ಕಾರು ಒಂದೇ. ಅದು ನನ್ನ ಕೊರಳಿಗೆ ಬಿತ್ತು.

ನಾನು ಸಿದರಾಯ. ಊರು ಖಾನಾಪುರದ ಕಡೆಯ ಬೀಡಿ, ಅಂಗಡಿ ಬೆಳಗಾವಿಯ ಉದ್ಯಮಬಾಗದಲ್ಲಿ. ಗಾಡಿಗಳ ವಾಯರಿಂಗ್ ಕೆಲಸದಲ್ಲಿ ಹದಿನೆಂಟು ವರ್ಷ ಸವೆಸಿದ್ದೇನೆ. ನನಗೆ ಸಿಟ್ಟು ಜಾಸ್ತಿ ಅಂತ ಜನ ಅನ್ನುತ್ತಾರೆ, ಅದು ಶುದ್ಧ ಸುಳ್ಳು. ಗಿರಾಕಿಗಳು ಬಾಯಿ ಮುಚ್ಚಿಕೊಂಡು ನಿಂತರೆ ನನಗೆ ಸಿಟ್ಟೇ ಬರುವುದಿಲ್ಲ. ಪೂರ್ತಿ ಕೆಟ್ಟ ಗಾಡಿಯನ್ನು ಕಂಡರೆ ನನಗೆ ಖುಷಿ. ದಾರಿಯಲ್ಲಿ ಕೆಟ್ಟು, ತಾನೇ ಸುಧಾರಿಸಿಕೊಂಡು, ನನ್ನ ಅಂಗಡಿಗೆ ಬಂದಾಗ ಸಂಭಾವಿತನ ಹಾಗೆ ನಿಲ್ಲುವ ಗಾಡಿ ಕಂಡರೆ ಮಾತ್ರ ಮೈ ಉರಿಯುತ್ತದೆ. ಆದಿನಾಥನದು ಆ ಜಾತಿಯ ಗಾಡಿ.

ಆದಿನಾಥನಿಗೆ ಶಿವಬಸವ ನಗರದಲ್ಲಿ ಮನೆ, ಪೇಟೆಯಲ್ಲಿ ಬಟ್ಟೆ ಅಂಗಡಿ. ಕಾರು ಮೂಲದಲ್ಲಿ ಪೆಟ್ರೋಲಿನದು. ಹಿಂದಿನ ವರ್ಷ ಅದರ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ್ದರು, ಆಗ ಊರಿಗೆಲ್ಲ ಅದೇ ಹುಚ್ಚು. ಇಂಜಿನ್ ಕೂರಿಸಿದವನು ಬಾಜೂ ಗ್ಯಾರೇಜಿನ ಬಸಲಿಂಗಪ್ಪ, ವಾಯರಿಂಗ್ ಮಾಡಿದವನು ನಾನು. ಡೀಸೆಲ್ ಇಂಜಿನ್ನಿಗೆ ದೊಡ್ಡ ಬ್ಯಾಟರಿ ಬೇಕು. ಬಾನೆಟ್ ಒಳಗೆ ಜಾಗ ಸಾಲದೆ ಅದನ್ನು ಎಡಗಡೆಯ ಮುಂದಿನ ಸೀಟಿನ ಕೆಳಗೆ ಇಟ್ಟಿದ್ದೆ.

"ಹೊಂಟಿದ್ದ ಗಾಡಿ ಟಪ್ಪಂತ ಬಂದ್ ಆಗತೈತಿ ಸಿದರಾಯಾ," ಅಂತ ಆದಿನಾಥ ಹೇಳಿದ. "ಮೀಟರಿನ ದೀಪಾನೂ ಹೋಗತಾವು. ಅವ್ವ ಇಳಿದ್ಲಂದ್ರ ಮತ್ತ ಚಾಲೂ."

"ಯಾರ ಇಳಿದ್ರ?"

"ನಮ್ಮವ್ವ. ಖರೇನ ಹೇಳತೀನಿ, ನಾಕು ಐತವಾರ ನೋಡೀನಿ. ನಾ ಇಳಿದ್ರ ಆಗೂದಿಲ್ಲ. ನನ್ನ ಹೇಣ್ತಿ ಇಳಿದ್ರ ಆಗೂದಿಲ್ಲ. ಅವ್ವನ ಇಳೀಬೇಕು."

ಅವನ ತಾಯಿ ಚಂಪಾಬಾಯಿ. ಅವರ ಮಗಳು ತ್ರಿಶಲಾ ಖಾನಾಪುರದಲ್ಲಿರುತ್ತಾಳೆ, ಅವಳಿಗೆ ಆಗ ಎರಡು ತಿಂಗಳ ಹೆಣ್ಣು ಕೂಸು. ಪ್ರತಿ ಐತವಾರ ಹೋಗಿ ಆ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಜಳಕ ಮಾಡಿಸಿ ಬರುವುದು ಮುದುಕಿಯ ಪಾಲಿಗೆ ವಾರದ ಹಬ್ಬ. ಆ ದಾರಿಯಲ್ಲಿ ಕಾರು ಮಚ್ಛೆ ಊರು ದಾಟಿ ದೇಸೂರ ಹತ್ತಿರ ಬಂದಾಗ ನಿಲ್ಲುತ್ತಿತ್ತು.

ಡೀಸೆಲ್ ಇಂಜಿನ್ ಒಮ್ಮೆ ಚಾಲೂ ಆದ ಮೇಲೆ ಕರೆಂಟಿನ ಹಂಗು ಅದಕ್ಕೆ ಇಲ್ಲವೇ ಇಲ್ಲ ಅನ್ನಬೇಕು. ಆದರೆ ಡೀಸೆಲ್ ಪಂಪಿನ ಮೇಲೆ ಒಂದು ಸಣ್ಣ ಕವಾಟ ಇರುತ್ತದೆ. ಕೀಲಿಯಿಂದ ಅದಕ್ಕೆ ಕರೆಂಟು ಬರುತ್ತಿರುವ ತನಕ ತೆರೆದಿರುತ್ತದೆ, ಕರೆಂಟು ತಪ್ಪಿತೋ ಮುಚ್ಚಿಕೊಳ್ಳುತ್ತದೆ, ಇಂಜಿನ್ ಅಲ್ಲೇ ಉಸಿರು ಬಿಡುತ್ತದೆ. ಅಂದರೆ ಕರೆಂಟು ಎಲ್ಲೋ ಕಡಿಯುತ್ತಿದೆ ಅನ್ನುವುದು ಮೊದಲ ದಿನವೇ ತಿಳಿಯಿತು. ಎಲ್ಲಿ ಅನ್ನುವುದು ಎರಡು ವಾರವಾದರೂ ತಿಳಿಯಲಿಲ್ಲ.

ಕೀಲಿಯ ಸ್ವಿಚ್ ಬದಲಿಸಿದೆ. ಫ್ಯೂಜುಗಳನ್ನು ಉಜ್ಜಿದೆ. ಮೀಟರಿನ ಹಿಂದಿನ ವಾಯರುಗಳನ್ನೆಲ್ಲ ಬಿಚ್ಚಿ ಕಟ್ಟಿದೆ. ಖಾನಾಪುರಕ್ಕೆ ನಾಲ್ಕು ಸಲ ಹೋಗಿ ಬಂದೆ, ಬೇಕಂತಲೇ ತಗ್ಗು ಹುಡುಕಿ ಇಳಿಸಿದೆ. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಚಂಪಾಬಾಯಿಯ ತೂಕವೇ ಕಾರಣವಿರಬೇಕು ಅಂತ ಕೊನೆಯ ಸಲ ಅವರಷ್ಟೇ ತೂಗುವ ಬಸಲಿಂಗಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದೆ. ಅವನು ಖಾನಾಪುರದಲ್ಲಿ ಎರಡು ಪ್ಲೇಟು ಮಿಸಳ ತಿಂದು, ಬರುವಾಗ ದಾರಿಯುದ್ದಕ್ಕೂ ಗೊರಕೆ ಹೊಡೆದ. ಬೇರೆ ಸದ್ದು ಕೇಳಲಿಲ್ಲ.

ಇಲ್ಲಿ ನನ್ನದೊಂದು ಪದ್ಧತಿ ಹೇಳಬೇಕು. ಅಂಗಡಿಯ ಮುಂದೆ ಬೋರ್ಡ್ ಹಾಕಿದ್ದೇನೆ: "ಗಾಡಿಯೊಳಗಿನ ಸಾಮಾನು ಎಲ್ಲ ಇಳಿಸಿಯೇ ಗಾಡಿ ಬಿಡತಕ್ಕದ್ದು." ಹಿಂದೊಮ್ಮೆ ಒಬ್ಬ ಮಹಾಶಯ ತನ್ನ ಬೀಗರ ಛತ್ರಿ ನನ್ನ ಅಂಗಡಿಯಲ್ಲಿ ಕಳೆಯಿತು ಅಂತ ಓಣಿ ಕೂಡಿಸಿದ್ದ. ಅಂದಿನಿಂದ ಖಾಲಿ ಗಾಡಿಗಲ್ಲದೆ ನಾನು ಕೈ ಹಚ್ಚುವುದಿಲ್ಲ. ಈ ಪದ್ಧತಿಯ ಬಗ್ಗೆ ನನಗೆ ಭಾರೀ ಅಭಿಮಾನವಿತ್ತು.

ಎರಡನೇ ವಾರದ ಗುರುವಾರ ಆದಿನಾಥ ಮುಖ ಸಣ್ಣ ಮಾಡಿಕೊಂಡು ಬಂದ.

"ಅವ್ವ ಐತವಾರ ತ್ಯಾಗ ತಗೊಳ್ಳಾಕತ್ತಾಳ."

ಜೈನರಲ್ಲಿ ಮುನಿ ಮಹಾರಾಜರ ಮುಂದೆ ನಿಂತು ಒಂದು ವಸ್ತುವನ್ನು ಬಿಟ್ಟೆ ಅಂದರೆ ಮುಗಿಯಿತು. ಒಬ್ಬರು ಬಟಾಟಿ ಬಿಡುತ್ತಾರೆ, ಒಬ್ಬರು ತುಪ್ಪ ಬಿಡುತ್ತಾರೆ. ಚಂಪಾಬಾಯಿ ಬಿಡಲು ಹೊರಟಿದ್ದು ವಾಹನವನ್ನು, ಅದೂ ಜೀವ ಇರುವ ತನಕ.

"ನನ್ನ ಕರ್ಮ ಎಷ್ಟ ಭಾರ ಆಗೇತೆಂದ್ರ ಕಬ್ಬಿಣಕ್ಕೂ ಗೊತ್ತಾಗೇತಿ ಅಂತಾಳ. ಮತ್ತ ಖಾನಾಪುರಕ್ಕ ಹ್ಯಾಂಗ ಹೋಗ್ತೀ, ಕೂಸಿನ್ನ ಹ್ಯಾಂಗ ನೋಡ್ತೀ ಅಂದ್ರ ಅಳತಾಳ," ಅಂದ ಆದಿನಾಥ.

ನಾನು ಕೆದಕಿ ಕೇಳಿದೆ. ಮೊದಮೊದಲು ಕಾರು ನಿಂತಾಗ ಇವನು ನಗುತ್ತ "ಅವ್ವಾ, ಇಳಿ" ಅಂದಿದ್ದನಂತೆ. ಆಮೇಲೆ ನಗೆ ಹೋಗಿ ಬರೀ "ಇಳಿ" ಉಳಿಯಿತು. ರಸ್ತೆಯಲ್ಲಿ ಹೋಗುವ ಬಸ್ಸಿನವರು ಕಿಡಕಿಯಿಂದ ನೋಡುತ್ತಿದ್ದರೆ ಮುದುಕಿ ಗಿಡದ ಕೆಳಗೆ ಅಪರಾಧಿಯ ಹಾಗೆ ನಿಲ್ಲಬೇಕು, ಕಾರು ಚಾಲೂ ಆಗಬೇಕು. ನನಗೆ ಆದಿನಾಥನ ಮೇಲೆ ಕೆಟ್ಟ ಸಿಟ್ಟು ಬಂತು, ಅದನ್ನು ಅವನ ಮುಖಕ್ಕೇ ಹೇಳಿದೆ.

ಮರುದಿನ ಅವರ ಮನೆಗೆ ಹೋದೆ. ಚಂಪಾಬಾಯಿ ಅಕ್ಕಿ ಆರಿಸುತ್ತ ಕೂತಿದ್ದರು. ಕರೆಂಟು ಗಾಡಿಯ ಮೈಯಿಂದ ಬ್ಯಾಟರಿಗೆ ವಾಪಸ್ ಹೋಗುವ ದಾರಿಗೆ ನಮ್ಮ ದಂಧೆಯಲ್ಲಿ ಅರ್ಥ್ ಅನ್ನುತ್ತೇವೆ. ನನ್ನ ಸಂಶಯ ಆಗ ಅದರ ಮೇಲಿತ್ತು.

"ಅವ್ವಾರ, ಎಲ್ಲಾ ನೋಡಿದೆ. ಅರ್ಥ ಬರೋಬ್ಬರಿ ಸಿಗವಲ್ದು ಅಂತ ಕಾಣಸ್ತೈತಿ."

ಮುದುಕಿ ಮೊರ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. "ಅರವತ್ತೇಳು ವರ್ಷದಿಂದ ಪ್ರವಚನಾ ಕೇಳಾಕತ್ತೀನಪಾ, ನನಗ ಇನ್ನೂ ಸಿಕ್ಕಿಲ್ಲ. ನಿನಗ ಕಾರಿನ್ಯಾಗ ಸಿಗತೈತೇನು?"

"ನಾಳೆ ಒಂದ ಸಲ ನಮ್ಮ ಜೋಡಿ ಬರ್ರಿ. ಐತವಾರ ಹ್ಯಾಂಗ ಹೋಗ್ತೀರಿ, ಹಂಗ."

"ಮತ್ತ ಇಳಸಾಕ?"

ಆ ಮಾತು ನನ್ನ ಎದೆಗೆ ನಾಟಿತು. "ಇಳಸೂದಿಲ್ಲರಿ" ಅಂತ ಮಾತು ಕೊಟ್ಟೆ.

ಶನಿವಾರ ಮುಂಜಾನೆ ಚಂಪಾಬಾಯಿ ಬಂದರು. ಕೈಯಲ್ಲಿ ಹಾಲಿನವರ ಕ್ಯಾನಿನಂಥ ದೊಡ್ಡ ಹಿತ್ತಾಳೆ ಕ್ಯಾನು. ನನ್ನ ಬಾಯಿ ರೂಢಿಯಂತೆ "ಸಾಮಾನ ಇಳಸಿ ಬರ್ರಿ" ಅಂದಿತು.

"ಸೋಸಿ ಕಾಸಿದ ನೀರಪಾ. ಬ್ಯಾರೆ ನೀರ ಕುಡಿಯೂದು ಬಿಟ್ಟು ಹತ್ತು ವರ್ಷ ಆತು. ನಾ ಎಲ್ಲಿ ಹೋಗ್ತೀನೋ ಇದು ಅಲ್ಲಿ ಬರತೈತಿ," ಅಂದು ಅವರು ಹಿಂದಿನ ಸೀಟಿನ ಎಡಕ್ಕೆ ಕೂತು, ಕ್ಯಾನನ್ನು ಕಾಲ ಬಳಿ ಮುಂದಿನ ಸೀಟಿಗೆ ಒತ್ತಿ ಇಟ್ಟುಕೊಂಡರು. ಮುಂದಿನ ಸೀಟಿನಲ್ಲಿ ನಾನು ಕೂತೆ. ಆದಿನಾಥ ಕಾರು ಬಿಟ್ಟ.

ದೇಸೂರ ಹತ್ತಿರದ ತಿರುವಿನಲ್ಲಿ ಕಾರು ಟಪ್ಪಂತ ನಿಂತಿತು. ಯಾರೂ ಏನೂ ಅನ್ನುವ ಮುಂಚೆ ಚಂಪಾಬಾಯಿ ಬಾಗಿಲು ತೆಗೆದು, ಕ್ಯಾನು ಎತ್ತಿಕೊಂಡು ಇಳಿದು, ಗಿಡದ ಕೆಳಗೆ ಹೋಗಿ ನಿಂತುಬಿಟ್ಟರು. ಆದಿನಾಥ ಕೀಲಿ ತಿರುವಿದ. ಚಾಲೂ!

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನಾನೂ ನಂಬಿದೆ. ಹದಿನೆಂಟು ವರ್ಷದ ಅನುಭವಸ್ಥ, ಕೈಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದುಕೊಂಡು, ಆ ಮುದುಕಿಯನ್ನು ನೋಡಿ ಹೆದರಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರನ್ನು ಕರೆದು ಮತ್ತೆ ಕೂರಿಸಿದೆವು. ಎರಡು ಫರ್ಲಾಂಗು ಹೋಗುವುದರಲ್ಲಿ ಕಾರು ಮತ್ತೆ ನಿಂತಿತು. ಚಂಪಾಬಾಯಿಯ ಕೈ ಕ್ಯಾನಿಗೆ ಹೋಯಿತು.

"ಅವ್ವಾರ, ನೀವು ಇಳೀಬ್ಯಾಡ್ರಿ. ಆದಿನಾಥಾ, ಆ ಕ್ಯಾನ್ ಅಷ್ಟ ಇಳಸು."

ಕ್ಯಾನು ರಸ್ತೆಯ ಮೇಲೆ, ಚಂಪಾಬಾಯಿ ಸೀಟಿನ ಮೇಲೆ. ನಾನೇ ಕೀಲಿ ತಿರುವಿದೆ. ಚಾಲೂ.

"ಅವ್ವ ಅಲ್ಲ! ನೀರು!" ಅಂತ ಆದಿನಾಥ ಕುಣಿದ.

"ನೀರೂ ನಂದ ಅಲ್ಲೇನೋ," ಅಂದರು ಚಂಪಾಬಾಯಿ. ಅವರ ದನಿ ಇನ್ನೂ ಕುಗ್ಗಿತ್ತು.

ನಾನು ಮಂಡಿಯೂರಿ ಸೀಟಿನ ಕೆಳಗೆ ಇಣುಕಿದೆ. ಬ್ಯಾಟರಿಯಿಂದ ಕೀಲಿಗೆ ಹೋಗುವ ಕೆಂಪು ವಾಯರು ಹೊದಿಕೆಯಿಲ್ಲದೆ ಬಿಗಿಯಾಗಿ ಎಳೆದುಕೊಂಡಿತ್ತು. ಕ್ಯಾನಿನ ತಳ ಅದನ್ನು ಒತ್ತಿದರೆ ನಡುವಿನ ಜೋಡಣೆ ಬಿಡುತ್ತಿತ್ತು, ಕ್ಯಾನು ಎತ್ತಿದರೆ ಕೂಡುತ್ತಿತ್ತು. ಜೋಡಣೆಗೆ ಸುತ್ತಿದ್ದು ಹಸಿರು ಟೇಪು. ಉದ್ಯಮಬಾಗದಲ್ಲಿ ಹಸಿರು ಟೇಪು ಸುತ್ತುವವನು ನಾನೊಬ್ಬನೇ. ಅವತ್ತು ವಾಯರು ಒಂದು ಗೇಣು ಕಡಿಮೆ ಬಿದ್ದಿತ್ತು, ಪೇಟೆಗೆ ಹೋಗಿ ತರುವ ಬೇಸರಕ್ಕೆ ತುಂಡು ಜೋಡಿಸಿ ಮುಗಿಸಿದ್ದೆ.

"ಇಲಿ ಕಡದಿರಬೇಕ, ಹೌದಲ್ಲ?" ಅಂತ ಆದಿನಾಥ ಕೇಳಿದ. ಪಾಪ, ಒಳ್ಳೆಯ ಮನುಷ್ಯ. ಹೌದು ಅಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮುದುಕಿ ಸೀಟಿನ ತುದಿಯಲ್ಲಿ ಅರ್ಧ ಇಳಿಯುವವರ ಹಾಗೆ ಕೂತಿದ್ದರು.

"ಇಲಿ ಅಲ್ಲ, ನಾನು. ಅವ್ವಾರ, ನಿಮ್ಮ ಕರ್ಮಾನೂ ಅಲ್ಲ, ನೀರೂ ಅಲ್ಲ. ನಾ ವಾಯರ್ ಒಂದ ಗೇಣು ಕಮ್ಮಿ ಹಾಕೀನ್ರಿ."

ಅವರು ಬಗ್ಗಿ ಆ ಹಸಿರು ಟೇಪನ್ನು ನೋಡಿದರು.

"ಒಂದ ಗೇಣು?"

"ಹೌದ್ರಿ."

"ಒಂದ ಗೇಣ ವಾಯರಿಗೆ ನಾ ಹಿಂದಿನ ಏಳು ಜನ್ಮದ ಪಾಪಾ ಎಲ್ಲಾ ನೆನಸಿ ನೆನಸಿ ಅತ್ತೆನಲ್ಲೋ!"

ನನಗೆ ತಲೆ ಎತ್ತಲಾಗಲಿಲ್ಲ. ಅಂಗಡಿಗೆ ವಾಪಸ್ ತಂದು ಅಖಂಡ ವಾಯರು ಹಾಕಿದೆ, ಮೇಲೆ ಕಟ್ಟಿಗೆಯ ಪೆಟ್ಟಿಗೆ ಕೂರಿಸಿದೆ.

ಐತವಾರ ಬಸದಿಗೆ ನಾನೂ ಹೋದೆ. ಮುದುಕಿ ಹಟಕ್ಕೆ ಬಿದ್ದು ವಾಹನ ಬಿಟ್ಟುಬಿಟ್ಟರೆ ಆ ಪಾಪ ನನಗೇ ಸುತ್ತಿಕೊಳ್ಳುತ್ತದಲ್ಲ! ತ್ಯಾಗ ತಗೊಳ್ಳುತ್ತೇನೆ ಅಂತ ಅವರು ಮಹಾರಾಜರಿಗೆ ಮೊದಲೇ ಹೇಳಿಯಾಗಿತ್ತು. ಅವರ ಸರದಿ ಬಂದಾಗ ಚಂಪಾಬಾಯಿ ಎದ್ದು ಕೈ ಜೋಡಿಸಿದರು.

"ಏನು ಬಿಡುತ್ತೀರಿ ತಾಯಿ?"

"ಇಳಿ ಅಂದಕೂಡ್ಲೇ ಇಳಿಯೂದು ಬಿಟ್ಟೀನ್ರಿ, ಮಹಾರಾಜ."

ಹಿಂದೆ ಕೂತಿದ್ದ ಕಿವಿ ಮಂದದ ಅಜ್ಜ ಒಬ್ಬರು "ಇಲಿ? ಇಲಿ ಯಾಕ ಬಿಟ್ಟಳು?" ಅಂತ ಬಾಜೂದವರನ್ನು ಕೇಳಿದರು. ಮಹಾರಾಜರು ಮಾತ್ರ ಆದಿನಾಥನ ಕೆಂಪೇರಿದ ಮುಖ ನೋಡಿ ಎಲ್ಲ ತಿಳಿದವರಂತೆ ಮುಗುಳ್ನಕ್ಕರು.

"ಎಷ್ಟು ದಿನದ ತನಕ?"

"ಜೀವ ಇರೂತನಕ."

ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

ಅಲ್ಲಿಂದಲೇ ಖಾನಾಪುರಕ್ಕೆ ಹೊರಟೆವು. ಖಾತ್ರಿಗೆ ಇರಲಿ ಅಂತ ನನ್ನನ್ನೂ ಕರೆದುಕೊಂಡರು. ದೇಸೂರು ದಾಟಿತು. ಆದಿನಾಥ ಸೀಟಿ ಹೊಡೆಯತೊಡಗಿದ. ಅರ್ಧ ಮೈಲಿ ಹೋಗುವುದರಲ್ಲಿ ಕಾರು ಎರಡು ಸಲ ಬಿಕ್ಕಳಿಸಿ ನಿಂತೇ ಹೋಯಿತು.

ನಾನು ಮೊದಲು ಮೀಟರಿನ ಕಡೆ ಬಗ್ಗಿದೆ. ಮೀಟರಿನ ದೀಪಗಳು ಚೆನ್ನಾಗಿ ಉರಿಯುತ್ತಿದ್ದವು, ಕರೆಂಟಿಗೆ ಏನೂ ಆಗಿರಲಿಲ್ಲ. ಡೀಸೆಲ್ ಮುಗಿದಿತ್ತು. ನನ್ನ ನಾಲ್ಕು ಟ್ರಿಪ್ಪುಗಳು ಟಾಕಿ ಖಾಲಿ ಮಾಡಿದ್ದವು. ಮುಳ್ಳು ಮಾತ್ರ ಅರ್ಧ ಟಾಕಿ ತೋರಿಸುತ್ತಿತ್ತು, ಯಾಕೆಂದರೆ ವಾಯರುಗಳನ್ನು ಬಿಚ್ಚಿ ಕಟ್ಟುವಾಗ ನಾನು ಅದರದ್ದನ್ನು ತಪ್ಪು ಜಾಗಕ್ಕೆ ಕಟ್ಟಿದ್ದೆ. ಈ ಸಲ ಯಾರೂ ಕೇಳುವ ಮೊದಲೇ ಒಪ್ಪಿಕೊಂಡೆ.

ಪೆಟ್ರೋಲ್ ಪಂಪು ಒಂದು ಮೈಲಿ ಮುಂದಿತ್ತು. ದಾರಿ ಏರು, ಮೇಲೆ ಬಿಸಿಲು. ನಾವಿಬ್ಬರೂ ಇಳಿದೆವು, ನಾನು ಕಿಡಕಿಯಿಂದ ಕೈ ಹಾಕಿ ಸ್ಟೇರಿಂಗ್ ಹಿಡಿದೆ, ಆದಿನಾಥ ಹಿಂದೆ ಹೋದ. ಅವನು ತೋಳು ಮಡಿಚಿ, ಹಿಂದಿನ ಗಾಜಿನ ಮೂಲಕ ತಾಯಿಯನ್ನು ನೋಡಿದ, ತುಂಬಿದ ಕ್ಯಾನನ್ನು ನೋಡಿದ, ಏರನ್ನು ನೋಡಿದ.

"ಅವ್ವಾ..." ಅಂದ.

"ಏನಪಾ?"

"ಏನಿಲ್ಲ."

ಚಂಪಾಬಾಯಿ ಸೀಟಿಗೆ ಆರಾಮಾಗಿ ಒರಗಿಕೊಂಡು ಸೆರಗು ಸರಿಮಾಡಿಕೊಂಡರು. "ಕೂಸಿನ ಜಳಕದ ಹೊತ್ತಾತು," ಅಂದರು ಕಿಡಕಿಯಿಂದ. "ಜಲ್ದಿ ನೂಕ್ರಿ."

ಇಬ್ಬರೂ ನೂಕಿದೆವು.