ಮಾರುವವರು ನಿಮಗೆ ಏನಾಗಬೇಕು?

ಕೂಕುವಾಳ ಶಿಟೋ ಬಗ್ಗೆ ನಾನು ಬರೆದ ನಾಲ್ಕು ಸಾಲನ್ನು ಆ ಅಂಗಡಿಯವರು ತಿರಸ್ಕರಿಸಿದಾಗ ನನ್ನ ಸಲೂನಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಅರ್ಧ ಹೆಣೆದ ತಲೆ ಹೊತ್ತು ಕೂತಿದ್ದಳು. ಉಳಿದ ಅರ್ಧವನ್ನು ಹಾಗೇ ಬಿಟ್ಟು ಫೋನು ಹಿಡಿದುಕೊಂಡೆ. ನನಗೆ ಸಿಟ್ಟು ಬಂದರೆ ಕೈ ಓಡುವುದಿಲ್ಲ, ಬಾಯಿ ಮಾತ್ರ ಓಡುತ್ತದೆ. ಪಾಪ, ಆ ಹೆಂಗಸು ಅಂದು ಮದುವೆಗೆ ತಡವಾಗಿ ಹೋದಳಂತೆ.

ಅಂಗಡಿ ಎಂದರೆ ಬೀದಿಯ ಅಂಗಡಿಯಲ್ಲ, ಫೋನಿನೊಳಗಿನದು. ರಾಜಧಾನಿ ಆಕ್ರಾದಲ್ಲಿ ಕೂತು ದೇಶಕ್ಕೆಲ್ಲ ಸಾಮಾನು ಕಳಿಸುತ್ತಾರೆ. ನನ್ನ ಪಕ್ಕದ ಕೋಣೆಯ ಕೂಕುವಾ ಶಿಟೋ ಎಂಬ ತನ್ನ ಖಾರದ ಚಟ್ನಿಯ ಡಬ್ಬಿಗಳನ್ನು ಅದರಲ್ಲಿ ಮಾರಲು ಇಟ್ಟಿದ್ದಳು. ಒಣಮೀನು, ಒಣಸಿಗಡಿ, ಶುಂಠಿ, ಈರುಳ್ಳಿ, ಮೆಣಸಿನಕಾಯಿ ಎಲ್ಲವನ್ನೂ ಎಣ್ಣೆಯಲ್ಲಿ ಕಪ್ಪಗಾಗುವತನಕ ಹುರಿಯಬೇಕು. ತಾಳ್ಮೆಯಿಲ್ಲದವರ ಶಿಟೋ ಕೆಂಪಗೇ ಉಳಿಯುತ್ತದೆ, ಅದು ನನ್ನದು. ಇವಳು ಒಲೆ ಹಚ್ಚಿದರೆ ವಠಾರದಲ್ಲಿ ಸೀನದವರಿಲ್ಲ, ಆದರೆ ಬೈದವರೂ ಇಲ್ಲ. ಸಂಜೆಗೆ ಎಲ್ಲರ ತಟ್ಟೆಗೂ ಒಂದೊಂದು ಚಮಚ ಬರುತ್ತದೆಂದು ಗೊತ್ತಿತ್ತಲ್ಲ.

ಹೊಸದಾಗಿ ಸೇರಿದವರಿಗೆ ಆ ಅಂಗಡಿಯಲ್ಲಿ ಒಂದು ಗಡುವಿತ್ತು. ಈಸ್ಟರ್‌ ಹಬ್ಬದೊಳಗೆ ಗಿರಾಕಿಗಳ ಹತ್ತು ಅಭಿಪ್ರಾಯ ಅದರಲ್ಲಿ ಕಾಣಬೇಕು, ಇಲ್ಲವಾದರೆ ಡಬ್ಬಿಯನ್ನು ಅಂಗಡಿಯಿಂದ ಕೆಳಗಿಳಿಸುತ್ತಾರೆ. ಸಿಕ್ಕಸಿಕ್ಕವರು ಬರೆಯುವಂತಿಲ್ಲ. ಕೊಂಡವರೇ ಬರೆಯಬೇಕು, ಒಬ್ಬರು ಒಂದೇ ಸಲ. ಅದು ನ್ಯಾಯವೇ. ಮಾರುವವರ ಸಂಬಂಧಿಕರು ಬರೆಯಕೂಡದು ಎಂಬುದನ್ನು ಮಾತ್ರ ನಮ್ಮ ಊರಿನ ನೀರು ಕುಡಿಯದ ಯಾವನೋ ಬರೆದಿರಬೇಕು.

ಅಭಿಪ್ರಾಯ ಬರೆದು ಮುಗಿಸಿದ ಮೇಲೆ ಫೋನು ಕೇಳುತ್ತದೆ: ಮಾರುವವರು ನಿಮ್ಮ ಸಂಬಂಧಿಕರೇ? ಹೌದು ಎಂದು ಒತ್ತಿದರೆ, ಅವರಿಗೆ ನೀವು ಏನಾಗಬೇಕು ಎಂದು ಮತ್ತೆ ಕೇಳುತ್ತದೆ. ನಮ್ಮ ಸೆಕೊಂಡಿಯಲ್ಲಿ ದಿನಬೆಳಗಾದರೆ ಮುಖ ನೋಡುವವರನ್ನು ನನಗೆ ಏನೂ ಅಲ್ಲ ಎನ್ನುವುದುಂಟೇ? ಜಗಳವಾಡಿದಾಗ ಅನ್ನುತ್ತೇವೆ, ಅದೂ ಮುಂದಿನ ಸಾವಿನ ಮನೆಯ ಊಟದವರೆಗೆ. ಮೆಕ್ಕೆಜೋಳದ ಕೆಂಕಿ ಉಂಡೆ ಮಾರುವ ಮುದುಕಿ ಆರಬಾ 'ತಾಯಿ' ಎಂದು ಹಾಕಿದಳು. ಚರ್ಚಿನಲ್ಲಿ ಹಾಡುವ ಹೆಂಗಸರೆಲ್ಲ ಸಾಲಾಗಿ 'ಸೋದರಿ' ಎಂದರು. ನಾನು 'ಅಕ್ಕ' ಎಂದೆ. ಎಲ್ಲವೂ ಹೋದವು. ಒಂದೊಂದಕ್ಕೂ ಕೂಕುವಾಳ ಫೋನಿಗೆ ಇಂಥದೊಂದು ಸಂದೇಶ: "ಈ ಅಭಿಪ್ರಾಯವನ್ನು ಪ್ರಕಟಿಸಲಾಗುವುದಿಲ್ಲ. ಬರೆದವರು: ಮಾರಾಟಗಾರರ ಸೋದರಿ." ಕೆಳಗೆ ಬರೆದವರ ಹೆಸರು, ಅವರು ಬರೆದ ಸಾಲುಗಳು.

ಅಂಗಡಿಯ ನಂಬರಿಗೆ ಫೋನು ಮಾಡಿದೆ. ಎತ್ತಿದವನು ಎಳೆಯ ಹುಡುಗ, ದನಿ ಜೇನಿನಂತಿತ್ತು.

"ಮೇಡಂ, ಅವರು ನಿಮ್ಮ ಒಡಹುಟ್ಟಿದ ತಂಗೀನಾ?"

"ಅವಳಮ್ಮ ಆಕ್ಸಿಮ್‌ನಲ್ಲಿದಾಳೆ. ನಮ್ಮಮ್ಮ ಇಲ್ಲೇ ಸ್ಮಶಾನದಲ್ಲಿ ಮಲಗಿದಾಳೆ. ಒಡಹುಟ್ಟಿದೋಳು ಹೆಂಗಾಗ್ತಾಳೆ?"

"ಮತ್ತೆ ಅಕ್ಕ ಅಂತ ಯಾಕೆ ಹಾಕಿದ್ರಿ, ಆಂಟಿ?"

"ಈಗ ನನ್ನ ಆಂಟಿ ಅಂದ್ಯಲ್ಲ, ನಾನೇನು ನಿಮ್ಮಪ್ಪನ ತಂಗೀನಾ?"

ಅವನಿಗೆ ಬಿಡುವು ಕೊಡದೆ ನಾನೇ ಮುಂದುವರಿಸಿದೆ.

"ನಿಮ್ಮ ನಿಯಮದ ಪ್ರಕಾರ ಇವತ್ತಿಂದ ನೀನು ನನ್ನ ಸೋದರಳಿಯ. ನನ್ನ ದೂರು ಕೇಳೋ ಹಕ್ಕೇ ನಿನಗಿಲ್ಲ. ಬೇರೆ ಯಾರನ್ನಾದ್ರೂ ಕರಿ!"

ಹುಡುಗ ನಕ್ಕುಬಿಟ್ಟ. ಒಳ್ಳೆಯ ಮನೆಯ ಮಗ. "ಆಂಟಿ, ನನ್ನ ಕೆಲಸ ಕಳೀಬೇಡಿ. ಒಂದ್ಸಲ ತಿರಸ್ಕಾರ ಆದ್ರೆ ಆಯ್ತು, ಅವರು ಮತ್ತೆ ಬರೆಯೋಕಾಗಲ್ಲ. ಇನ್ಮೇಲೆ ಕೊಳ್ಳೋರಿಗೆ 'ಇಲ್ಲ' ಅಂತ ಒತ್ತೋಕೆ ಹೇಳಿ, ಅಷ್ಟೇ" ಎಂದ.

ಅಷ್ಟೇ ಅಂತೆ! ಹೇಳುವುದು ಸುಲಭ. ಬೀದಿ ಬೀದಿ ಅಲೆದು "ಕೂಕುವಾ ನನಗೇನೂ ಅಲ್ಲ ಅಂತ ಒತ್ತಿ" ಎಂದು ಕೇಳಿಕೊಂಡೆ. ಜನ ನನ್ನನ್ನೇ ಹುಚ್ಚಿಯಂತೆ ನೋಡಿದರು. ಚರ್ಚಿನ ಉಪದೇಶಿಗಂತೂ ಇದೇ ಬೇಕಾಗಿತ್ತು. "ಮಾನ್ಸಾ, ಪೇತ್ರನೂ ಹಿಂಗೇ ತನ್ನ ಗುರುವನ್ನೇ ಗೊತ್ತಿಲ್ಲ, ಗೊತ್ತಿಲ್ಲ ಅಂದ. ಆಮೇಲೆ ಕೋಳಿ ಕೂಗ್ತು" ಎಂದರು. "ನಿಮ್ಮ ಮನೇಲಿ ಕೋಳಿ ಇಲ್ಲವಲ್ಲ, ಒತ್ತಿ" ಎಂದೆ. ಒತ್ತಲಿಲ್ಲ. ಕೊನೆಗೆ ಕೈಹಿಡಿದವರು ದೂರದ ಕುಮಾಸಿಯವರು, ತೇಮಾದವರು, ಮುಖ ಕಾಣದ ಯಾರು ಯಾರೋ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬರುವ ಹೊತ್ತಿಗೆ ಒಂಬತ್ತಾಯಿತು. ಇನ್ನೊಂದು ಬೇಕಿತ್ತು.

ಆ ಒಂದು ಬರದಿದ್ದರೆ ಮಗಳನ್ನು ಕರೆದುಕೊಂಡು ಆಕ್ಸಿಮ್‌ಗೆ, ತವರಿಗೆ ಹೋಗಿಬಿಡುತ್ತೇನೆ ಎಂದಿದ್ದಳು ಕೂಕುವಾ. ಗಂಟು ಆಗಲೇ ಕಟ್ಟಿಟ್ಟಿದ್ದಳು.

"ವ್ಯಾಪಾರಾನೂ ನಿಂತ್ರೆ ಇಲ್ಲಿ ನನಗೆ ಯಾರಿದಾರೆ ಅಕ್ಕ?"

"ನಾನೇನು ಕಂಬಾನಾ?" ಎಂದೆ.

"ನಿನ್ನ ಮಾತಲ್ಲ" ಎಂದಳು.

ಯಾರ ಮಾತೆಂದು ನನಗೆ ಗೊತ್ತಿತ್ತು. ಬೆಂತ್ಸಿವಾ ಅಮ್ಮನ ಮಾತು. ಕೂಕುವಾಳ ಅತ್ತೆ.

ಕೂಕುವಾಳ ಗಂಡ ಎಬೋ ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ ತಾರ್ಕ್ವಾ ರಸ್ತೆಯಲ್ಲಿ ಅಪಘಾತವಾಗಿ ಹೋದ. ನಮ್ಮಲ್ಲಿ ಕುಲ ಎಂದರೆ ತಾಯಿಯ ಕಡೆಯದು. ತಂದ ಹೆಣ್ಣು ಎಷ್ಟು ವರ್ಷ ಬೇಯಿಸಿ ಬಡಿಸಿದರೂ ಗಂಡನ ಕುಲಕ್ಕೆ ಹೊರಗಿನವಳೇ. ಮಣ್ಣು ಮಾಡಿ ಬಂದ ಮೇಲೆ ಎಬೋನ ಸೋದರಮಾವ ಕ್ವಾಮೆನಾ, ಕುಲದ ಹಿರಿಯ, ತೀರಿಹೋದ ಹಿರಿಯರಿಗೆ ಎರೆಯುವ ಸಾರಾಯಿ ಬಾಟಲಿ ಹಿಡಿದು ಅಂಗಳದ ನಡುವೆ ನಿಂತು ಎಲ್ಲರನ್ನೂ ಕೇಳಿದ: "ಮನೆ ನಮ್ಮ ಹುಡುಗನದು. ಈ ಹೆಣ್ಣು ನಮಗೆ ಏನಾಗಬೇಕು?" ಯಾರೂ ಉತ್ತರ ಕೊಡಲಿಲ್ಲ. ಹೆತ್ತ ತಾಯಿ ಬೆಂತ್ಸಿವಾ ಅಮ್ಮ ಕಪ್ಪು ಬಟ್ಟೆ ಸುತ್ತಿಕೊಂಡು ನೆಲ ನೋಡುತ್ತ ಕೂತಿದ್ದರು. ಕೂಕುವಾ ಮಗುವನ್ನೆತ್ತಿಕೊಂಡು ನಮ್ಮ ವಠಾರಕ್ಕೆ ಬಂದಳು. ಅತ್ತೆಯ ಆ ಮೌನ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಎಬೋ ಇದ್ದಾಗ ಅತ್ತೆ ಖಾಲಿ ಡಬ್ಬಿ ತಂದು ಸೊಸೆಯ ಮುಂದೆ ಕುಕ್ಕಿ, "ತುಂಬು. ಉಪ್ಪು ಕಮ್ಮಿ ಹಾಕು" ಎನ್ನುತ್ತಿದ್ದರು. ದುಡ್ಡಿನ ಮಾತೇ ಇರಲಿಲ್ಲ. ಅವನು ಹೋದ ಮೇಲೂ ಪ್ರತಿ ಮಂಗಳವಾರ, ದೋಣಿಗಳು ಕಡಲಿಗಿಳಿಯದ ದಿನ, ಬರುವುದನ್ನು ಬಿಡಲಿಲ್ಲ. ಆದರೆ ಹೊಸ ಡಬ್ಬಿ ಕೇಳಿ, ಸೆರಗಿನ ಗಂಟು ಬಿಚ್ಚಿ, ಪೂರ್ತಿ ದುಡ್ಡು ಎಣಿಸಿ ಕೊಟ್ಟು ಹೋಗುತ್ತಿದ್ದರು. ಪ್ರತಿ ಸಲವೂ ಕೂಕುವಾ ಒಳಗೆ ಹೋಗಿ ಅಳುತ್ತಿದ್ದಳು. "ನೋಡಕ್ಕ, ಗಿರಾಕಿ ಆಗಿಬಿಟ್ರು." ಮೊದಲು 'ಅಮ್ಮ' ಎನ್ನುತ್ತಿದ್ದವಳು ಈಗ ಅವರನ್ನು ಏನೆಂದೂ ಕರೆಯುತ್ತಿರಲಿಲ್ಲ. "ತಗೊಳ್ಳಿ", "ಕೂತ್ಕೊಳ್ಳಿ", ಅಷ್ಟೇ.

ಆ ವಾರ ಫೋನಿನ ಅಂಗಡಿಯಲ್ಲಿ ಬಂದ ಬೇಡಿಕೆಗಳಲ್ಲಿ ಬೆಂತ್ಸಿವಾ ಎಂಬ ಹೆಸರಿತ್ತು. ವಿಳಾಸ, ಎಬೋ ಕಟ್ಟಿಸಿದ ಆ ಮನೆಯದೇ. ಕೂಕುವಾ ಫೋನನ್ನು ನನ್ನ ಮುಖಕ್ಕೆ ಹಿಡಿದಳು.

"ಹಿಂದಿನ ಬೀದೀಲಿ ಇರೋರು ಆಕ್ರಾ ಅಂಗಡಿಯಿಂದ ತರಿಸ್ಕೋತಿದಾರೆ. ಇನ್ನು ನನ್ನ ಮುಖ ನೋಡೋದೂ ಬೇಡವಾಯ್ತು."

"ಒಳ್ಳೇದೇ ಆಯ್ತಲ್ಲ. ಹತ್ತನೇದು ಅವರೇ ಬರೀಲಿ."

"ಬರೆಸು, ಅಕ್ಕ." ಅವಳು ನಕ್ಕ ರೀತಿ ನನಗೆ ಇಷ್ಟವಾಗಲಿಲ್ಲ. "ಊರಿಗೆಲ್ಲ ಕಷ್ಟ ಆಗಿದ್ದು ಅವರಿಗೆ ಆಗಲ್ಲ. 'ಇಲ್ಲ' ಅಂತ ಸಲೀಸಾಗಿ ಒತ್ತುತಾರೆ."

ಮಂಗಳವಾರ ಕೂಕುವಾ ಡಬ್ಬಿಗಳನ್ನು ಕಳಿಸಲು ಲಾರಿ ನಿಲ್ದಾಣಕ್ಕೆ ಹೋಗಿದ್ದಾಗ ಬೆಂತ್ಸಿವಾ ಅಮ್ಮ ನೇರವಾಗಿ ನನ್ನ ಸಲೂನಿಗೇ ಬಂದರು. ಮೀನು ಸುಟ್ಟು ಸುಟ್ಟು ಕಣ್ಣಂಚು ಕೆಂಪಾದ ಮುಖ, ಬಗ್ಗದ ಬೆನ್ನು. ಫೋನನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.

"ಮಾನ್ಸಾ, ಕೊಂಡವರು ಮಾತ್ರ ಬರೀಬಹುದಂತೆ, ಹೌದಾ?"

"ಹೌದಮ್ಮ."

"ಅದಕ್ಕೇ ಕೊಂಡೆ. ಅವಳ ಕೈಯಿಂದ ಕೊಂಡಿದ್ದು ಲೆಕ್ಕಕ್ಕಿಲ್ಲವಂತಲ್ಲ. ಬರಿ, ನಾನು ಹೇಳ್ತೀನಿ."

ಕೈ ಒರೆಸಿಕೊಂಡು ಅವರ ಫೋನು ತೆಗೆದುಕೊಂಡೆ. ಬರೆಯತೊಡಗಿದೆ. ಅವರು ಹೇಳಿದ್ದು ಇಷ್ಟು: "ಉಪ್ಪು ಸ್ವಲ್ಪ ಮುಂದು. ಶುಂಠಿ ಸರಿಯಾಗಿದೆ. ಮೀನು ನೋಡಿ ಕೊಂಡಿದಾಳೆ, ನಾನೇ ಕಲಿಸಿದ್ದು. ನನ್ನ ಮಗ ಈ ಡಬ್ಬಿ ಬೆರಳಲ್ಲಿ ಸವರಿ ತಿನ್ನದೆ ಏಳ್ತಿರಲಿಲ್ಲ."

"ಎಷ್ಟು ನಕ್ಷತ್ರ, ಅಮ್ಮ? ಐದು ಕೊಡೋಣ?"

"ನಾಲ್ಕು. ಐದು ಕೊಟ್ರೆ ಸೊಕ್ಕು ಬರುತ್ತೆ."

ನಾಲ್ಕು ಒತ್ತಿದೆ. ಫೋನು ತನ್ನ ಪ್ರಶ್ನೆ ಕೇಳಿತು. ನಾನು ಆದಷ್ಟು ಹಗುರವಾಗಿ ಓದಿದೆ: "ಮಾರುವವರು ನಿಮ್ಮ ಸಂಬಂಧಿಕರೇ, ಅಂತ. 'ಇಲ್ಲ' ಅಂತ ಒತ್ತಿಬಿಡಿ. ಒತ್ತಿದ್ರೆ ಹತ್ತಾಗುತ್ತೆ, ಅವಳ ವ್ಯಾಪಾರ ಉಳಿಯುತ್ತೆ, ಅವಳು ಆಕ್ಸಿಮ್‌ಗೆ ಹೋಗಲ್ಲ."

ಅವರು ಒತ್ತಲಿಲ್ಲ.

"ಸುಳ್ಳೂ ಅಲ್ಲ ಬಿಡಿ," ಎಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ. "ನಿಮ್ಮ ಕುಲದವರೇ ಹಾಗೆ ತೀರ್ಮಾನ ಮಾಡಿದ್ರಲ್ಲ."

ಬೆಂತ್ಸಿವಾ ಅಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಅವತ್ತು ಅಂಗಳದಲ್ಲಿ ಕ್ವಾಮೆನಾ ಇದೇ ಪ್ರಶ್ನೆ ಕೇಳಿದ" ಎಂದರು. "ಮಗನನ್ನ ಮಣ್ಣು ಮಾಡಿದ ದಿನ ಅಣ್ಣನಿಗೆ ಎದುರಾಡಬಾರದು ಅಂತ ಬಾಯಿ ಮುಚ್ಕೊಂಡು ಕೂತೆ. ಆಮೇಲೆ ಯಾರೂ ನನ್ನ ಕೇಳಲೇ ಇಲ್ಲ, ಮಾನ್ಸಾ. ಎರಡು ವರ್ಷ ಕಾದೆ. ನಾನಾಗಿ ಹೋಗಿ ಹೇಳೋಕೆ ಮುಖ ಇರಲಿಲ್ಲ."

"ಮತ್ತೆ ದುಡ್ಡು ಯಾಕಮ್ಮ ಕೊಡ್ತಿದ್ರಿ? ಅವಳು ಪ್ರತಿ ಸಲ ಅತ್ತಿದಾಳೆ."

ಅವರಿಗೆ ನಿಜಕ್ಕೂ ಅಚ್ಚರಿಯಾಯಿತು. "ಒಂಟಿ ಹೆಂಗಸು, ಮಗು ಸಾಕ್ತಿದಾಳೆ. ಸುಮ್ಮನೆ ಕೊಟ್ರೆ ತಗೊಳ್ತಿದ್ಲಾ ಆ ಜಂಬದ ಕೋಳಿ? ಕೊಳ್ಳೋ ನೆಪದಲ್ಲಿ ಕೊಡ್ತಿದ್ದೆ. ನನ್ನ ಮಂಚದ ಕೆಳಗೆ ನೋಡು, ಬರೀ ಶಿಟೋ. ನಾನೊಬ್ಬಳು ಎಷ್ಟು ತಿನ್ನಲಿ?"

ಹಾಗೆಂದು ಬೆರಳನ್ನು ಬಟ್ಟೆಗೆ ಒರೆಸಿಕೊಂಡರು.

"ಅಮ್ಮ, 'ಹೌದು' ಅಂತ ಒತ್ತಿದ್ರೆ ಹತ್ತಾಗಲ್ಲ. ಅವಳಿಗೆ ನಷ್ಟ. ನಾಳೆ ಊರು ಬಿಟ್ಟು ಹೋಗ್ತಾಳೆ" ಎಂದೆ.

"ಹೋದ್ರೆ ಆಕ್ಸಿಮ್‌ಗೆ ಬಸ್ಸಿದೆ, ನಾನೂ ಹೋಗ್ತೀನಿ. ಅವತ್ತು ಸುಮ್ಮನಿದ್ದಿದ್ದೇ ಸಾಕು. ಇವತ್ತು ನನ್ನ ಬೆರಳಿಂದಲೇ 'ಇಲ್ಲ' ಅನ್ನಲಾ?"

ಒತ್ತಿದರು. ನೀವು ಏನಾಗಬೇಕು ಎಂದು ಫೋನು ಕೇಳಿದಾಗ ನಾನು ಏನನ್ನೂ ತೋರಿಸಿಕೊಡಲಿಲ್ಲ. ಕೆಂಪು ಕಣ್ಣನ್ನು ಕಿರಿದು ಮಾಡಿ ತಾವೇ ಹುಡುಕಿ ಒತ್ತಿದರು. ಫೋನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ನನ್ನ ನೆಲದ ಮೇಲಿನ ಕೂದಲು ಗುಡಿಸಿಲ್ಲ ಎಂದು ಬೈದು ಹೋದರು.

ಆ ಸಂಜೆ ಕೂಕುವಾ ನನ್ನ ಬಾಗಿಲಲ್ಲಿ ನಿಂತು ಸಂದೇಶ ಓದಿದಳು. ತಿರಸ್ಕಾರ ಎಂದು ತಿಳಿದು ಮುಖ ಬಾಡಿತು. ಆಮೇಲೆ ಹುಬ್ಬು ಗಂಟಿಕ್ಕಿತು.

"ಬರೆದವರು ಮಾರಾಟಗಾರರ ತಾಯಿ ಅಂತಿದೆ, ಅಕ್ಕ. ಈ ಆರಬಾ ಮತ್ತೆ ಬರೆದ್ಲಾ? ನಮ್ಮಮ್ಮನ ಹತ್ರ ಅಂತೂ ಫೋನೇ ಇಲ್ಲ."

"ಹೆಸರು ನೋಡು."

ನೋಡಿದಳು. ಮತ್ತೆ ನೋಡಿದಳು. ಗೋಡೆಗೆ ಒರಗಿ ಹಾಗೇ ಜಾರಿ ನೆಲದ ಮೇಲೆ ಕೂತಳು. ಉಪ್ಪು ಸ್ವಲ್ಪ ಮುಂದು ಎಂಬಲ್ಲಿ ನಕ್ಕಳು, ಮಗ ಡಬ್ಬಿ ಸವರುತ್ತಿದ್ದ ಎಂಬಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಹೇಳಿದ್ದೆಲ್ಲವನ್ನೂ ನಾನು ಒಂದು ಮಾತೂ ಬಿಡದೆ ಹೇಳಿದೆ. ನನಗೂ ಅಳು ತಡೆಯಲಾಗಲಿಲ್ಲ, ಯಾಕೆ ತಡೆಯಬೇಕು?

ಈಸ್ಟರ್‌ ಕಳೆಯಿತು. ಅಂಗಡಿಯವರು ಹೇಳಿದ ಮಾತಿನಂತೆ ಡಬ್ಬಿಯನ್ನು ಕೆಳಗಿಳಿಸಿದರು. ಈಗ ಅದು ನನ್ನ ಸಲೂನಿನ ಕಿಟಕಿಯಲ್ಲಿದೆ, ಲಾರಿ ನಿಲ್ದಾಣದಲ್ಲಿದೆ. ಮೊದಲಿನಷ್ಟು ಹೋಗುವುದಿಲ್ಲ, ಆದರೂ ಹೋಗುತ್ತದೆ. ಕೂಕುವಾ ಕಟ್ಟಿದ್ದ ಗಂಟು ಬಿಚ್ಚಿದಳು. ಒಂಬತ್ತು ಜನರ ಹೊಗಳಿಕೆ ಅಳಿಸಿಹೋಯಿತು, ಆ ತಿರಸ್ಕಾರದ ಸಂದೇಶವನ್ನು ಮಾತ್ರ ಅವಳು ಅಳಿಸಿಲ್ಲ.

ಮುಂದಿನ ಮಂಗಳವಾರ ಬೆಂತ್ಸಿವಾ ಅಮ್ಮ ಬಂದರು. ಸೆರಗಿನಲ್ಲಿ ಗಂಟಿರಲಿಲ್ಲ. ತೊಳೆದ ಖಾಲಿ ಡಬ್ಬಿಯನ್ನು ಸೊಸೆಯ ಮುಂದೆ ಕುಕ್ಕಿದರು.

"ತುಂಬು. ಉಪ್ಪು ಕಮ್ಮಿ ಹಾಕು."

ಕೂಕುವಾ ಸೌಟು ಕೈಯಲ್ಲಿ ಹಿಡಿದು ಸೊಂಟದ ಮೇಲೆ ಕೈಯಿಟ್ಟಳು. "ಕಮ್ಮಿನೇ ಹಾಕಿರೋದು, ಅಮ್ಮ. ನಿಮ್ಮ ನಾಲಿಗೇನೇ ಕೆಟ್ಟಿದೆ" ಎಂದಳು.

ಅತ್ತೆಗೆ ಯಾರೂ ಹಾಗೆ ಎದುರಾಡುವುದಿಲ್ಲ. ಹೆತ್ತ ತಾಯಿಗೆ ಮಾತ್ರ ಆಡುತ್ತಾರೆ. ಬೆಂತ್ಸಿವಾ ಅಮ್ಮ ಹೊಗೆಯಲ್ಲಿ ಕಣ್ಣೊರೆಸಿಕೊಂಡು, "ಬಾಯಿ ನೋಡು ಇದರದ್ದು" ಎಂದು ಮೆಟ್ಟಿಲ ಮೇಲೆ ಕೂತರು.