ಧೂಪದಾನಿಗೆ ಬಿದ್ದ ಬ್ಯಾಡಗಿ ಕಾಯಿ

ಎಲ್ಲಿಂದ ಶುರು ಮಾಡಲಿ? ಪಾರಸಿಗಳ ದೇವತೆಗಳಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಘಾಟಿನಿಂದಲೇ ಮಾಡೋಣ.

೧. ಬ್ಯಾಡಗಿ, ೧೯೮೭. ಮೆಣಸಿನಕಾಯಿ ವ್ಯಾಪಾರಿಯ ಹೆಂಡತಿ, ಊರಿಗೆ ಒಬ್ಬಳೇ ಪಾರಸಿ ಹೆಂಗಸು ದೀನಾಬಾಯಿ ಜ್ವರದಿಂದ ಮಲಗಿದ್ದಳು. ಗಂಡ ಮುಂಬೈಗೆ ಹೋಗಿದ್ದ. ಮಂಚದ ಪಕ್ಕ ಬೆಳ್ಳಿಯ ಧೂಪದಾನಿಯಲ್ಲಿ ಕೆಂಡ. ಅದಕ್ಕೆ ಶ್ರೀಗಂಧ, ಲೋಬಾನ ಬಿಟ್ಟು ಬೇರೇನೂ ಬೀಳಬಾರದು. ಅದು ಅರ್ದಿಬೆಹೆಶ್ತ್ ಎಂಬ ದೇವತೆ ಕಾಯುವ ಬೆಂಕಿ. ಅದನ್ನು ಆರದಂತೆ ನೋಡಿಕೊಳ್ಳಲು ಒಪ್ಪಿದವಳು ಪಕ್ಕದ ಮನೆಯ ದೌಲತಬಿ. (ಪಾರಸಿಯಲ್ಲದವಳು ಮುಟ್ಟಬಹುದೇ? ಪಂಡಿತರೇ, ಬೇರೆ ಯಾರಿದ್ದರು ಹೇಳಿ.)

ಗೆಳತಿಯ ಬಾಡಿದ ಮುಖ ನೋಡಿ ದೌಲತಬಿಯ ಕರುಳು ಚುರ್ರೆಂದಿತು. ದೃಷ್ಟಿಯೇ ತಾಗಿದೆ ಎಂದುಕೊಂಡು ಉಪ್ಪು, ಮೆಣಸಿನಕಾಯಿ ನಿವಾಳಿಸಿ, ತನ್ನ ಮನೆಯ ರೂಢಿಯಂತೆ ಎದುರಿಗಿದ್ದ ಕೆಂಡಕ್ಕೆ ಹಾಕಿಬಿಟ್ಟಳು.

(ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎನ್ನುವವರು ಅದನ್ನು ಕೆಂಡದ ಮೇಲೆ ಹಾಕಿ ನೋಡಲಿ.)

೨. ನಾನು ಬರೆದ ಮೊದಲ ಡ್ರಾಫ್ಟ್: ಗಾಬರಿಯಾದ ದೌಲತಬಿ ನೀರು ಸುರಿಯುತ್ತಾಳೆ. ಬೆಂಕಿಯೂ ಗೆಳೆತನವೂ ಒಟ್ಟಿಗೇ ಆರುತ್ತವೆ. ಸಂಪಾದಕರಿಗೆ ಖುಷಿ.

"ನೀರ ಯಾಕ ಹಾಕ್ಲಿರಿ?" ದೌಲತಬಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ತಪ್ಪಿನ ಮ್ಯಾಲ ತಪ್ಪ ಮಾಡಾಕ ನಾ ಏನ ಹುಚ್ಚಿ ಅದೇನೇನ್ರಿ? ಇಕ್ಕಳ ತಗೊಂಡ ಕಾಯಿ ತಗೀತೇನಿ."

ಹಾಳೆ ಹರಿದೆ.

೩. ಎರಡನೆಯದರಲ್ಲಿ ಹೊಗೆಯಿಂದ ಸಾಕ್ಷಾತ್ ಅರ್ದಿಬೆಹೆಶ್ತನೇ ಎದ್ದು ಬರುತ್ತಾನೆ. ಮ್ಯಾಜಿಕಲ್ ರಿಯಲಿಸಂ! ಆದರೆ ಘಾಟಿಗೆ ಅವನೂ ಕೆಮ್ಮತೊಡಗಿದ. ಕೈಬಿಟ್ಟೆ.

೪. ನಿಜವಾಗಿ ಕೆಮ್ಮಿದವಳು ದೀನಾಬಾಯಿ. ಕಣ್ಣು ಬಿಟ್ಟಳು.

"ಬಾಯಿ, ನಿಮ್ಮ ಬೆಂಕಿ ಕೆಡಿಸಿಬಿಟ್ನಿ" ಎಂದು ದೌಲತಬಿ ಅತ್ತಳು. ಈ ಮನೆಯ ಹೊಸ್ತಿಲು ಇನ್ನು ತನಗಿಲ್ಲ ಎಂದೇ ಅವಳ ಭಯ.

ದೀನಾಬಾಯಿ ಧೂಪದಾನಿಯನ್ನು ನೋಡಿದಳು, ಇಕ್ಕಳದ ತುದಿಯಲ್ಲಿದ್ದ ಕರಕಲು ಕಾಯಿಯನ್ನೂ ನೋಡಿದಳು.

"ನಮ್ಮ ದೇವರು ಕೆಲಸಾ ಹಂಚಿ ಕೊಟ್ಟಾನ, ದೌಲತ. ಅರ್ದಿಬೆಹೆಶ್ತಗ ಬೆಂಕಿ, ಖೋರ್ದಾದಗ ನೀರು, ಅಮರ್ದಾದಗ ಗಿಡಾ. ಆದ್ರ ಎಲ್ಲಾರಕಿಂತ ಮುಂದ ನಿಂದ್ರಾಂವ ಬಹಮನ್. ಬಹಮನ್ ಅಂದ್ರ ಒಳ್ಳೇ ಮನಸು. ಅಂವನ್ನ ನೀನ ಕರಕೊಂಡ ಬಂದೀದಿ. ಉಳಿದವರು ಏನ ಅಂದಾರು? ಅಳಬ್ಯಾಡ, ಬ್ಯಾರೆ ಕೆಂಡಾ ತಾ."

ದೌಲತಬಿಯ ಎದೆಯ ಭಾರ ಇಳಿಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಹಾಯೆನಿಸಿತು.

೫. ಮುಕ್ತಾಯ ಬೇಕೇ? ಜ್ವರ ಇಳಿಯಿತು ಎನ್ನಲೇ? ಘಾಟಿಗೋ, ಬಹಮನನಿಂದಲೋ, ಡಾಕ್ಟರ ಮಾತ್ರೆಗೋ? ಪೆನ್ನು ಹಿಡಿದು ಹೊಸ್ತಿಲಲ್ಲೇ ನಿಂತಿದ್ದೆ. ಹೊಸ ಕೆಂಡ ತಂದ ದೌಲತಬಿ ನನ್ನನ್ನು ಕಂಡಳು.

"ಒಳಗ ಬರೂದಿದ್ರ ಬರ್ರಿ, ಇಲ್ಲಾಂದ್ರ ಬಾಗಲಾ ಮುಂದ ಮಾಡ್ಕೊಂಡ ಹೋಗ್ರಿ. ಗಾಳಿಗೆ ಕೆಂಡಾ ಲಗೂನ ಬೂದಿ ಆಗತಾವ."

ಬಾಗಿಲು ಮುಂದೆ ಮಾಡಿಕೊಂಡು ಬಂದೆ. ಒಳಗೆ ಇಬ್ಬರೂ ನಗುತ್ತಿದ್ದರು. ಆ ನಗು ನಾನು ಬರೆದದ್ದಲ್ಲ.