ಕಣ್ಣಿನ ಬಿಳಿಗೊಂದು ಶೇಡ್ ಕಾರ್ಡು

ಮಾವನ ಲಿವರ್ ಪರೀಕ್ಷೆ ದಿನಾ ಬೆಳಿಗ್ಗೆ ಆರೂವರೆಗೆ ಬಚ್ಚಲಮನೆಯ ಕನ್ನಡಿ ಮುಂದೆ ನಡೆಯುತ್ತಿತ್ತು. ಮೊದಲು ನಾಲಿಗೆ ಚಾಚಿ ಅದರ ಮೇಲಿನ ಲೇಪವನ್ನು ಓದುವುದು. ಆಮೇಲೆ ಉಗುರನ್ನು ಒತ್ತಿ ಬಿಟ್ಟು, ಕೆಂಪು ಮರಳುವವರೆಗೆ ಎಣಿಸುವುದು. ಬಲಗಡೆ ಪಕ್ಕೆಲುಬಿನ ಕೆಳಗೆ ಎರಡು ಬೆರಳಿಂದ ತಟ್ಟಿ, ಕಲ್ಲಂಗಡಿ ಕೊಳ್ಳಲು ಬಂದವರ ಹಾಗೆ ಕಿವಿಗೊಡುವುದು. ಕೊನೆಗೆ ರೆಪ್ಪೆ ಕೆಳಕ್ಕೆಳೆದು, ಗುಡ್ಡೆಯ ಬಿಳಿ ನೋಡಿ, "ಫಸ್ಟ್ ಕ್ಲಾಸ್" ಎಂದು ಮನೆಗೆಲ್ಲ ಕೇಳುವಂತೆ ಸಾರುವುದು. ಅಲ್ಲಿಗೆ ಆ ದಿನದ ಮಟ್ಟಿಗೆ ಲಿವರ್ ಪಾಸು.

ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದ ಪೇಂಟರು ಅವರು. ಕೈ ನಡುಗಲು ಶುರುವಾದ ಮೇಲೆ ಕುಂಚ ಕೆಳಗಿಟ್ಟರು. ನೋಡಲು ಬೋರ್ಡಿಲ್ಲದ ಕಣ್ಣು ಒಳಗಿನ ಅಂಗಾಂಗಗಳ ಕಡೆ ತಿರುಗಿತು. ಯಾವುದೋ ವಾರಪತ್ರಿಕೆಯ ಕೊನೇ ಪುಟದ ಜಾಹೀರಾತು ನೋಡಿದ್ದೇ ತಡ, ಲಿವರ್ ತೊಳೆಯುವ ಪುಡಿಯ ಡಬ್ಬಿ ಅಂಚೆಯಲ್ಲಿ ಬಂದಿಳಿಯಿತು. ಡಬ್ಬಿಯ ಮೇಲೆ ಒಂಬತ್ತು ಬೇರುಗಳ ಚಿತ್ರವಿತ್ತು, ಒಂದರ ಹೆಸರೂ ಇರಲಿಲ್ಲ. ಮೂರು ತಿಂಗಳಿಂದ ಅದರ ಕಷಾಯ ಆ ಮನೆಯಲ್ಲಿ ಕುದಿಯುತ್ತಿತ್ತು. ಅತ್ತೆಗೆ ದೊಡ್ಡದೊಂದು ಲೋಟ. ಉಳಿದದ್ದು ಮಾವನ ಫ್ಲಾಸ್ಕಿಗೆ. ಅದನ್ನು ಅವರು ಸಂಜೆಯೊಳಗೆ ಗುಟುಕು ಗುಟುಕಾಗಿ ಕುಡಿದು ತಳ ಕಾಣಿಸುತ್ತಿದ್ದರು. ಸೊಸೆ ಮಾತ್ರ ಬಸ್ಸಿನ ನೆವ ಹೇಳಿ ದಿನಾ ತಪ್ಪಿಸಿಕೊಳ್ಳುತ್ತಿದ್ದಳು.

ಆ ಸೊಸೆ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರ ನಡೆಸುವವಳು. ಗಿರಾಕಿ ಹರಿದ ಪರದೆ ತಂದರೂ ಅದಕ್ಕೆ ಹೊಂದುವ ಬಣ್ಣ ತೆಗೆದುಕೊಡುವ ಕಣ್ಣು ಅವಳದು. ಒಂದು ಭಾನುವಾರ ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ಮಾವ ಮೋಡ ನೋಡಲು ತಲೆ ಎತ್ತಿದರು. ಅವಳ ಕೈಯ ಕ್ಲಿಪ್ಪು ಕೈಯಲ್ಲೇ ಉಳಿಯಿತು. ಅವರ ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಹದಿನೈದು ದಿನದಿಂದ ಅವರಿಗೆ ಊಟ ಸೇರದಿರುವುದು, ಮುಂಗೈ ಕೆರೆದುಕೊಳ್ಳುವುದು, ಹಾಡುಹಗಲೇ ಕುರ್ಚಿಯಲ್ಲಿ ತೂಕಡಿಸುವುದು, ಎಲ್ಲ ಅವಳಿಗೆ ಒಟ್ಟಿಗೆ ನೆನಪಾಯಿತು.

"ಮಾವ, ಒಂದ್ಸಲ ರಕ್ತ ಪರೀಕ್ಷೆ ಮಾಡಿಸೋಣ."

"ಯಾಕಮ್ಮ? ಬೋರ್ಡಿನ ಬಣ್ಣ ಹೇಗಿದೆ ಅಂತ ನೋಡೋಕೆ ಯಾರಾದ್ರೂ ಗೋಡೆ ಕೊರೀತಾರಾ? ಹೊರಗಿಂದ ನೋಡೋಕೆ ಬರದವರು ಸೂಜಿ ಹಿಡೀತಾರೆ."

ಮಗ ಕೇಳಿ ಬೈಸಿಕೊಂಡ. ಅತ್ತೆ ಕೇಳಲೇ ಇಲ್ಲ, ಪಾತ್ರೆ ತೊಳೆಯುತ್ತಾ ನಿಂತರು. ಬೇಡಿಕೊಂಡರೆ ಬಗ್ಗುವ ಜೀವವಲ್ಲ ಅದು, ಕೆಣಕಿದರೆ ಮಾತ್ರ ಎದ್ದು ಬರುತ್ತದೆ ಎಂದು ಸೊಸೆಗೆ ಹೊಳೆಯಿತು. ಮರುದಿನವೇ ಅಂಗಡಿಯಿಂದ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಶೇಡ್ ಕಾರ್ಡು ತಂದಳು. ಅದರಲ್ಲಿ ಬಿಳಿ ಒಂದರಲ್ಲೇ ಅರವತ್ತು ಬಗೆ, ಒಂದೊಂದಕ್ಕೂ ಒಂದೊಂದು ಹೆಸರು.

"ನಮ್ಮ ಮ್ಯಾನೇಜರು ಹೇಳ್ತಾರೆ ಮಾವ, ಮನುಷ್ಯರ ಕಣ್ಣಿಗೆ ಇದರಲ್ಲಿ ಹತ್ತಕ್ಕಿಂತ ಹೆಚ್ಚು ಬೇರೆ ಮಾಡೋಕೆ ಆಗಲ್ವಂತೆ. ಅದಕ್ಕೇ ಯಂತ್ರ ಬೇಕಂತೆ."

"ನಿಮ್ಮ ಮ್ಯಾನೇಜರು ಯಾವತ್ತಾದ್ರೂ ಕುಂಚ ಹಿಡಿದಿದ್ದಾನಾ?"

"ಟೈ ಕಟ್ತಾರೆ."

"ತಾ ಇಲ್ಲಿ."

ಬಚ್ಚಲಿನ ಹಳದಿ ಬಲ್ಬಿನಡಿ ಬೇಡವೆಂದು ಅವಳು ಹೇಳಬೇಕಾಗಲಿಲ್ಲ. ಲಿವರ್ ನೋಡಲು ಆ ಬಲ್ಬು ಸಾಕಾಗಿತ್ತು, ಆದರೆ ಬಲ್ಬಿನ ಬೆಳಕಲ್ಲಿ ಬಣ್ಣ ನೋಡುವವರನ್ನು ಕಂಡರೆ ಅವರಿಗೇ ಆಗದು; ಕುರ್ಚಿ ಎತ್ತಿಕೊಂಡು ತಾವೇ ಹಿತ್ತಿಲಿಗೆ ನಡೆದರು. ಗೋಡೆಗೆ ಕಾರ್ಡು ಹಿಡಿದು "ಹಾಲುಮೋಡ" ಎಂದರು. ತಟ್ಟೆ ತರಿಸಿ "ಮೊಲದ ಕಿವಿ" ಎಂದರು. ತಮ್ಮ ಬನಿಯನ್ನಿಗೆ ಹಿಡಿದು "ಹಳೇ ಕಾಗದ" ಎಂದು, ಅತ್ತೆಯ ಕಡೆ ಒಂದು ನೋಟ ಬೀರಿದರು. ಒಂದೂ ತಪ್ಪಲಿಲ್ಲ. ಸೊಸೆಗೆ ಒಳಗೊಳಗೇ ಹೆಮ್ಮೆಯಾಯಿತು.

"ಇವೆಲ್ಲ ಅಲ್ಲಾಡದ ವಸ್ತು ಮಾವ. ಅತ್ತೆ ಕಣ್ಣಿನ ಬಿಳಿ ಹೇಳಿ ನೋಡೋಣ."

ಅತ್ತೆಯನ್ನು ಕರೆದು ಬಿಸಿಲಿಗೆ ಮುಖಮಾಡಿ ಕೂರಿಸಿದರು. ಮದುವೆಯಾದಾಗಲೂ ಆ ಕಣ್ಣನ್ನು ಅಷ್ಟು ಹೊತ್ತು ನೋಡಿರಲಿಕ್ಕಿಲ್ಲ. "ಮಲ್ಲಿಗೆ ಮೊಗ್ಗು" ಎಂದು ತೀರ್ಪು ಕೊಟ್ಟು, ಕಾರ್ಡನ್ನು ಝಳಪಿಸಿದರು. "ನೋಡಮ್ಮ, ಅರವತ್ತೆರಡು ವರ್ಷದ ಕಣ್ಣು. ಕಾರ್ಡಿನ ಮೊದಲನೇ ಪಟ್ಟಿ. ಇದು ಕಷಾಯದ ಪ್ರತಾಪ. ಇನ್ನೂ ರಕ್ತ ಪರೀಕ್ಷೆ ಅಂತೀಯಾ?"

ಅತ್ತೆ ಯಾಕೋ ಒಲೆಯ ನೆನಪಾಗಿ ಒಳಗೆ ಹೋದರು.

"ಹಾಗಾದ್ರೆ ನಿಮ್ಮದೂ ಮೊದಲನೇ ಪಟ್ಟಿಯೇ ಇರಬೇಕು," ಎಂದು ಸೊಸೆ ಕೈಗನ್ನಡಿ ಹಿಡಿದಳು.

ಮಾವ ಕಾರ್ಡನ್ನು ಕೆನ್ನೆಗೆ ಒತ್ತಿಕೊಂಡರು. ಮಲ್ಲಿಗೆ ಮೊಗ್ಗು ಹೊಂದಲಿಲ್ಲ. ಹಾಲುಮೋಡವನ್ನೂ ಮೊಲದ ಕಿವಿಯನ್ನೂ ದಾಟಿ ಬೆರಳು ಕೆಳಗಿಳಿಯಿತು. ಕನ್ನಡಿಯನ್ನು ಅತ್ತಿತ್ತ ಓರೆ ಮಾಡಿದರು, ಕುರ್ಚಿ ತಿರುಗಿಸಿ ಕೂತರು. ಹೆಂಡತಿಗೆ, ಮಗನಿಗೆ, ತಮ್ಮ ಹೊಟ್ಟೆಗೇ ಬೇಕಾದರೂ ಸುಳ್ಳು ಹೇಳಿಯಾರು. ಬಣ್ಣದ ಮುಂದೆ ಆ ಬಾಯಿಗೆ ಸುಳ್ಳು ಬಾರದು. ಬಿಳಿಯ ಪಟ್ಟಿಗಳೆಲ್ಲ ಮುಗಿದು, ಬೆರಳು ಹಳದಿಯ ಮೊದಲ ಮನೆಯಲ್ಲಿ ನಿಂತಿತು.

"ನಿಂಬೆ ನೆರಳು," ಎಂದರು, ಮೆಲ್ಲಗೆ.

ಸೊಸೆ ಗೆದ್ದಿದ್ದಳು. ಆದರೆ ಆ ಮುಖ ನೋಡಿ ಗೆಲ್ಲಬಾರದಿತ್ತೇನೋ ಅನಿಸಿತು.

"ಒಂದೇ ಪಾತ್ರೆಯ ಕಷಾಯ," ಎಂದು ಮಾವ ಕಾರ್ಡು ಮಡಿಚಿದರು. "ಅವಳಿಗೆ ಮಲ್ಲಿಗೆ, ನನಗೆ ನಿಂಬೆ. ಇದರ ಲೆಕ್ಕ ಹೊರಗಿಂದ ಸಿಗೋ ಹಾಗೆ ಕಾಣಲ್ಲ. ನಡಿ, ಚುಚ್ಚಿಸೋಣ."

ಎರಡು ದಿನದಲ್ಲಿ ರಿಪೋರ್ಟು ಬಂತು. ಡಾಕ್ಟರಮ್ಮ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಲಿವರಿಗೆ ಪೆಟ್ಟು ಬಿದ್ದಿದೆ, ಸಂಖ್ಯೆಗಳು ಇರಬೇಕಾದ್ದಕ್ಕಿಂತ ಬಹಳ ಮೇಲಿವೆ. "ಏನು ಔಷಧಿ ತಗೋತಿದ್ದೀರಿ?"

"ಔಷಧಿ ಅಲ್ಲ ತಾಯಿ, ಬೇರು. ದಿನಕ್ಕೊಂದು ಫ್ಲಾಸ್ಕು. ಅದರದ್ದೇ ತಪ್ಪು ಅನ್ನಬೇಡಿ. ಇವಳೂ ಮೂರು ತಿಂಗಳಿಂದ ಅದನ್ನೇ ಕುಡೀತಿದ್ದಾಳೆ, ಇವಳ ಕಣ್ಣು ನೋಡಿ."

ಡಾಕ್ಟರಮ್ಮ ನೋಡಿದರು, ಸೊಸೆಯೂ ನೋಡಿದಳು. ಅತ್ತೆ ಬ್ಯಾಗಿನ ಹಿಡಿಕೆಯನ್ನು ತಿರುಚುತ್ತಾ ನೆಲ ನೋಡುತ್ತಿದ್ದರು.

"ನಾನು ಕುಡಿದಿಲ್ಲ," ಎಂದರು.

"ಏನು?"

"ಕುಡಿದಿಲ್ಲ ಕಣ್ರೀ. ನೀವು ಪೇಪರ್ ತರೋಕೆ ಬಾಗಿಲಿಗೆ ಹೋಗ್ತಿದ್ರಲ್ಲ, ಆಗ ನನ್ನ ಲೋಟಾನ ನಿಮ್ಮ ಫ್ಲಾಸ್ಕಿಗೇ ಸುರೀತಿದ್ದೆ. ಅಷ್ಟು ಹಣ ಕೊಟ್ಟು ತರಿಸಿದ್ದು, ಚೆಲ್ಲೋಕೆ ಮನಸ್ಸು ಬರಲಿಲ್ಲ." ಅತ್ತೆ ಬ್ಯಾಗನ್ನು ಎದೆಗೊತ್ತಿಕೊಂಡರು. "ಇಬ್ಬರ ಪಾಲಿನ ವಿಷಾನೂ ನಿಮ್ಮೊಬ್ಬರಿಗೇ ಕುಡಿಸಿಬಿಟ್ಟೆ."

ಡಾಕ್ಟರಮ್ಮ ರಿಪೋರ್ಟಿನ ಹಿಂದೆ ಮುಖ ಮರೆಸಿಕೊಂಡರು. ಭುಜ ಮಾತ್ರ ಅಲುಗಾಡುತ್ತಿತ್ತು. ಆಮೇಲೆ ಗಂಭೀರವಾಗಿ, ಒಳಗೇನಿದೆಯೆಂದು ಗೊತ್ತಿಲ್ಲದ ಪುಡಿಯನ್ನು ಇವತ್ತೇ ನಿಲ್ಲಿಸಬೇಕು, ವಾರಕ್ಕೊಮ್ಮೆ ಬಂದು ರಕ್ತ ಕೊಡಬೇಕು, ಸಕಾಲಕ್ಕೆ ಬಂದಿದ್ದೀರಿ, ಸಂಖ್ಯೆಗಳು ಇಳಿಯುವ ಸಂಭವವೇ ಹೆಚ್ಚು ಎಂದರು.

ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ತಿರುಗಿ ಕೂತರು. ಅತ್ತೆ ಪಕ್ಕದಲ್ಲಿ ಸೆರಗಿಗೆ ಕಣ್ಣೊತ್ತಿಕೊಳ್ಳುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ಸೊಸೆ ಮಧ್ಯೆ ಬಾಯಿ ಹಾಕುವುದೋ ಬೇಡವೋ ಎಂದು ಹತ್ತು ಸ್ಟಾಪು ಯೋಚಿಸಿದಳು.

"ಮೂರು ತಿಂಗಳಲ್ಲಿ ಒಂದು ದಿನಾನೂ ಕುಡೀಲಿಲ್ವಾ?" ಮಾವ ಕೊನೆಗೆ ಕೇಳಿದರು.

"ಮೊದಲನೇ ದಿನ ಒಂದು ಗುಟುಕು."

"ಮತ್ತೆ?"

"ಆಮೇಲೆ ಆಗಲಿಲ್ಲ. ಹಳೇ ಚಪ್ಪಲಿ ಕುದಿಸಿದ ಹಾಗಿತ್ತು."

ಮಾವ ನಿಧಾನಕ್ಕೆ ಈ ಕಡೆ ತಿರುಗಿದರು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಮೋಸಹೋದವರ ಸಂಕಟ.

"ನನಗೂ ಎರಡನೇ ದಿನಾನೇ ಸಾಕಾಗಿತ್ತು ಕಣೇ," ಎಂದರು. "ಪೇಪರ್ ತಗೊಂಡು ಬಂದು ನೋಡಿದ್ರೆ ದಿನಾ ನಿನ್ನ ಲೋಟ ಖಾಲಿ. ಹೆಂಗಸು ಗಟಗಟ ಕುಡಿದು ಮುಗಿಸಿದ್ದಾಳೆ, ಗಂಡಸಾಗಿ ನಾನು ಹೇಗೆ ಬಿಡಲಿ ಅಂತ ಮೂಗು ಹಿಡ್ಕೊಂಡು ಕುಡಿದೆ."